ಹಳೆ ಮೈಕಟ್ಟು, ಹೊಸ ಎಂಜಿನ್: 1969ರ ಕ್ಯಾಮರೋ ‘ರೆಸ್ಟೋಮಾಡ್’ ಆಗುವುದು ಹೇಗೆ? ಯಾವ ಕಾರನ್ನು ಮುಟ್ಟಬಾರದು?

ಹೊರಗಿನಿಂದ ನೋಡಿದರೆ ಅದು 1969ರ ಷೆವರ್ಲೆ ಕ್ಯಾಮರೋ. ಅದೇ ಉದ್ದನೆಯ ಬಾನೆಟ್, ಅದೇ ಗಿಡ್ಡ ಹಿಂಭಾಗ, ಚಕ್ರದ ಕಮಾನಿನಿಂದ ಹಿಂದಕ್ಕೆ ಎಳೆದಂತಿರುವ ಅದೇ ಗೆರೆ. ಆದರೆ ಬಾನೆಟ್ ಎತ್ತಿದರೆ ಒಳಗೆ ಕಾರ್ಬ್ಯುರೇಟರ್ ಇಲ್ಲ. ಕಂಪ್ಯೂಟರ್ ನಿಯಂತ್ರಿತ ಫ್ಯುಯೆಲ್ ಇಂಜೆಕ್ಷನ್ ಇರುವ ಅಲ್ಯೂಮಿನಿಯಂ ವಿ8 ಎಂಜಿನ್ ಕೂತಿದೆ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಆರು ಸ್ಪೀಡ್ ಗೇರ್‌ಬಾಕ್ಸ್, ಒಳಗೆ ತಂಪಾದ ಎಸಿ. ಇಂಥ ಕಾರಿಗೆ ವಾಹನ ಪ್ರಿಯರು ಇಟ್ಟಿರುವ ಹೆಸರು ‘ರೆಸ್ಟೋಮಾಡ್’. ರೆಸ್ಟೋರೇಷನ್ ಮತ್ತು ಮಾಡಿಫಿಕೇಷನ್ ಎಂಬ ಎರಡು ಪದಗಳು ಕೂಡಿ ಆದ ಪದವಿದು.

ಅಮೆರಿಕದಲ್ಲಿ ಇದು ದೊಡ್ಡ ಉದ್ಯಮ. ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಲಾಸ್ ವೇಗಸ್‌ನಲ್ಲಿ ನಡೆಯುವ ಸೆಮಾ ಪ್ರದರ್ಶನದಲ್ಲಿ ಇಂಥ ಕಾರುಗಳದ್ದೇ ದರ್ಬಾರು. ಆದರೆ ಇದೇ ವಿಷಯದಲ್ಲಿ ಹಳೆ ಕಾರು ಪ್ರೇಮಿಗಳ ನಡುವೆ ಜಗಳವೂ ಇದೆ. ಹಳೆಯ ದೇವಸ್ಥಾನದ ಜೀರ್ಣೋದ್ಧಾರದ ವೇಳೆ ನಮ್ಮೂರುಗಳಲ್ಲಿ ಏಳುವ ಪ್ರಶ್ನೆಯೇ ಇಲ್ಲೂ ಏಳುತ್ತದೆ. ಬಳಕೆಗೆ ಬರುವಂತೆ ಹೊಸದು ಮಾಡಬೇಕೋ, ಇದ್ದುದನ್ನು ಇದ್ದ ಹಾಗೆ ಉಳಿಸಬೇಕೋ? ರೆಸ್ಟೋಮಾಡ್ ಎಂದರೇನು, ಅದರಲ್ಲಿ ಏನೇನು ಬದಲಾಗುತ್ತದೆ, ಏನು ಕಳೆದುಹೋಗುತ್ತದೆ ಎಂಬುದರ ಪೂರ್ಣ ವಿವರ ಇಲ್ಲಿದೆ.

ಮಸಲ್ ಕಾರು ಎಂದರೇನು?

1960ರ ದಶಕದ ಅಮೆರಿಕದಲ್ಲಿ ಪೆಟ್ರೋಲ್ ಅಗ್ಗವಾಗಿತ್ತು, ಹೆದ್ದಾರಿಗಳು ಹೊಸದಾಗಿದ್ದವು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ತಲೆಮಾರು ಆಗಷ್ಟೇ ಲೈಸೆನ್ಸ್ ಪಡೆಯುತ್ತಿತ್ತು. ಆ ಹೊತ್ತಿನಲ್ಲಿ ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ವಿಭಾಗ 1964ರಲ್ಲಿ ಒಂದು ಸರಳ ಕೆಲಸ ಮಾಡಿತು. ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ದೊಡ್ಡ ಕಾರಿನ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರ್‌ನ ವಿ8 ಎಂಜಿನ್ ಕೂರಿಸಿ ಜಿಟಿಒ ಎಂದು ಮಾರಿತು. ಮಸಲ್ ಕಾರಿನ ಸೂತ್ರ ಇಷ್ಟೇ: ಸಾಮಾನ್ಯರ ಕಾರು, ಅಸಾಮಾನ್ಯ ಎಂಜಿನ್, ಯುವಕರ ಕೈಗೆಟುಕುವ ಬೆಲೆ.

ಅದೇ ವರ್ಷ ಏಪ್ರಿಲ್ 17ರಂದು ಫೋರ್ಡ್ ಕಂಪನಿ ಮಸ್ಟಾಂಗ್ ಬಿಡುಗಡೆ ಮಾಡಿತು. ಅದು ಗಾತ್ರದಲ್ಲಿ ಇನ್ನೂ ಚಿಕ್ಕದು. ಈ ಬಗೆಯ ಕಾರುಗಳಿಗೆ ‘ಪೋನಿ ಕಾರು’ ಎಂಬ ಬೇರೆ ಹೆಸರೇ ಇದೆ. ಆದರೆ ದೊಡ್ಡ ಎಂಜಿನ್ ಪಡೆದ ಪೋನಿ ಕಾರುಗಳನ್ನೂ ಜನ ಮಸಲ್ ಕಾರುಗಳ ಸಾಲಿಗೇ ಸೇರಿಸುತ್ತಾರೆ. ಕ್ಯಾಮರೋ ಆ ಸಾಲಿನದು.

ಮಸ್ಟಾಂಗ್‌ಗೆ ಉತ್ತರವಾಗಿ ಬಂದ ಕ್ಯಾಮರೋ

ಮಸ್ಟಾಂಗ್ ಮಾರಾಟ ಕಂಡು ಬೆಚ್ಚಿದ ಜನರಲ್ ಮೋಟಾರ್ಸ್ ತನ್ನ ಷೆವರ್ಲೆ ಬ್ರಾಂಡ್ ಅಡಿಯಲ್ಲಿ 1966ರ ಸೆಪ್ಟೆಂಬರ್‌ನಲ್ಲಿ ಕ್ಯಾಮರೋ ತಂದಿತು. ಇದು 1967ರ ಮಾದರಿ ವರ್ಷದ ಕಾರು. ಮೊದಲ ತಲೆಮಾರು ಉಳಿದದ್ದು ಮೂರೇ ಮಾದರಿ ವರ್ಷ. 1967ರಲ್ಲಿ 2,20,906, 1968ರಲ್ಲಿ 2,35,147, 1969ರಲ್ಲಿ 2,43,085 ಕಾರುಗಳು ತಯಾರಾದವು. ಒಟ್ಟು ಸುಮಾರು ಏಳು ಲಕ್ಷ.

ಭಾರತದಲ್ಲಿ ಷೆವರ್ಲೆ ಎಂದರೆ ಟವೇರಾ, ಬೀಟ್, ಸ್ಪಾರ್ಕ್ ನೆನಪಾಗುವುದೇ ಹೆಚ್ಚು. 2017ರ ಕೊನೆಗೆ ಕಂಪನಿ ಇಲ್ಲಿ ಮಾರಾಟ ನಿಲ್ಲಿಸಿತು. ಆದರೂ ಕ್ಯಾಮರೋ ನಮ್ಮವರಿಗೆ ಪೂರ್ತಿ ಅಪರಿಚಿತವಲ್ಲ. 2007ರಲ್ಲಿ ತೆರೆಕಂಡ ‘ಟ್ರಾನ್ಸ್‌ಫಾರ್ಮರ್ಸ್’ ಚಿತ್ರದ ಹಳದಿ ಬಂಬಲ್‌ಬೀ ಇದೇ ಕಾರು. ಆ ಚಿತ್ರದಲ್ಲಿ ಕಾಣುವ ಹೊಸ ಕ್ಯಾಮರೋದ ವಿನ್ಯಾಸಕ್ಕೆ ಸ್ಫೂರ್ತಿ ಕೊಟ್ಟದ್ದು 1969ರ ಮಾದರಿ.

1969ರ ಮಾದರಿಗೇ ಯಾಕೆ ಇಷ್ಟು ಬೇಡಿಕೆ?

ಮೊದಲ ಕಾರಣ ರೂಪ. ಹಿಂದಿನ ಎರಡು ವರ್ಷಗಳ ಕಾರಿನ ಅಡಿಪಾಯವನ್ನೇ ಇಟ್ಟುಕೊಂಡು 1969ರಲ್ಲಿ ಹೊರಮೈ ತಗಡುಗಳನ್ನು ಬಹುತೇಕ ಬದಲಿಸಲಾಯಿತು. ಕಾರು ಇನ್ನಷ್ಟು ಅಗಲವಾಗಿ, ನೆಲಕ್ಕೆ ಅಂಟಿದಂತೆ ಕಾಣತೊಡಗಿತು.

ಎರಡನೇ ಕಾರಣ ವೈವಿಧ್ಯ. ಒಂದೇ ಮೈಕಟ್ಟಿನಲ್ಲಿ 140 ಹಾರ್ಸ್‌ಪವರ್‌ನ ಆರು ಸಿಲಿಂಡರ್ ಎಂಜಿನ್‌ನಿಂದ ಹಿಡಿದು 7 ಲೀಟರ್ ವಿ8ವರೆಗೆ ಎಲ್ಲವೂ ಸಿಗುತ್ತಿತ್ತು. ಎಸ್‌ಎಸ್ ಮಾದರಿಯಲ್ಲಿ 350 ಅಥವಾ 396 ಘನ ಇಂಚಿನ ಎಂಜಿನ್ ಇರುತ್ತಿತ್ತು. ಝಡ್/28 ಮಾದರಿ ಹುಟ್ಟಿದ್ದು ಟ್ರಾನ್ಸ್-ಆಮ್ ರೇಸ್‌ಗಾಗಿ. ಆ ರೇಸ್‌ನ ಮಿತಿ 305 ಘನ ಇಂಚು. ಅದಕ್ಕೆ ಹೊಂದುವಂತೆ ಕಂಪನಿ 302 ಘನ ಇಂಚಿನ, ಸುಮಾರು 4.9 ಲೀಟರ್‌ನ ವಿಶೇಷ ಎಂಜಿನ್ ಮಾಡಿತು. 1967ರಲ್ಲಿ ಝಡ್/28 ಮಾರಾಟವಾದದ್ದು ಬರೀ 602. 1969ರ ಹೊತ್ತಿಗೆ ಅದು 20 ಸಾವಿರದ ಆಸುಪಾಸು ತಲುಪಿತ್ತು. ಪೆನ್ಸ್ಕೆ ತಂಡದ ಚಾಲಕ ಮಾರ್ಕ್ ಡೊನಹ್ಯೂ 1968 ಮತ್ತು 1969ರಲ್ಲಿ ಕ್ಯಾಮರೋ ಓಡಿಸಿ ಟ್ರಾನ್ಸ್-ಆಮ್ ಗೆದ್ದದ್ದು ಇದಕ್ಕೆ ದೊಡ್ಡ ಕಾರಣ.

ಇವೆಲ್ಲಕ್ಕಿಂತ ಅಪರೂಪ ಝಡ್‌ಎಲ್1. ಚಿಕ್ಕ ಕಾರುಗಳಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂಬ ನಿಯಮ ಜನರಲ್ ಮೋಟಾರ್ಸ್‌ನಲ್ಲೇ ಇತ್ತು. ಕೆಲವು ಡೀಲರ್‌ಗಳು ‘ಕೋಪೋ’ ಎಂಬ ವಿಶೇಷ ಆರ್ಡರ್ ಪದ್ಧತಿಯ ಮೂಲಕ ಆ ನಿಯಮವನ್ನು ದಾಟಿದರು. ಹೀಗೆ ಪೂರ್ತಿ ಅಲ್ಯೂಮಿನಿಯಂನ 427 ಘನ ಇಂಚಿನ ಎಂಜಿನ್ ಪಡೆದ ಕ್ಯಾಮರೋಗಳು 69 ಮಾತ್ರ. ಎಂಜಿನ್‌ನ ಹೆಚ್ಚುವರಿ ಬೆಲೆಯೇ 4 ಸಾವಿರ ಡಾಲರ್ ದಾಟಿತ್ತು. ಆ ಕಾಲದಲ್ಲಿ ಸಾಮಾನ್ಯ ಕ್ಯಾಮರೋದ ಆರಂಭಿಕ ಬೆಲೆ ಸುಮಾರು 2,600 ಡಾಲರ್.

ಮೂರನೇ ಕಾರಣ ರಚನೆ. ಇದರ ಹಿಂಭಾಗ ಏಕದೇಹದ ರಚನೆ, ಮುಂಭಾಗ ಮಾತ್ರ ಬೋಲ್ಟ್ ಹಾಕಿ ಜೋಡಿಸಿದ ಪ್ರತ್ಯೇಕ ಸಬ್‌ಫ್ರೇಮ್. ಎಂಜಿನ್, ಸ್ಟೀರಿಂಗ್, ಮುಂದಿನ ಸಸ್ಪೆನ್ಷನ್ ಎಲ್ಲವೂ ಆ ಸಬ್‌ಫ್ರೇಮ್ ಮೇಲೆ ನಿಂತಿವೆ. ಬೋಲ್ಟ್ ಬಿಚ್ಚಿದರೆ ಇಡೀ ಮುಂಭಾಗ ಹೊರಬರುತ್ತದೆ, ಹೊಸ ತಂತ್ರಜ್ಞಾನದ ಸಬ್‌ಫ್ರೇಮ್ ಅದೇ ಜಾಗದಲ್ಲಿ ಕೂರುತ್ತದೆ. ರೆಸ್ಟೋಮಾಡ್ ಮಾಡುವವರಿಗೆ ಈ ಕಾರು ಅಚ್ಚುಮೆಚ್ಚಾಗಲು ಇದು ಮುಖ್ಯ ಕಾರಣ. ಬಿಡಿಭಾಗಗಳ ಮಾರುಕಟ್ಟೆ ಎಷ್ಟು ದೊಡ್ಡದೆಂದರೆ, 1969ರ ಕ್ಯಾಮರೋದ ಪೂರ್ತಿ ಉಕ್ಕಿನ ಹೊರಕವಚವೇ ಹೊಸದಾಗಿ ತಯಾರಾಗಿ ಸಿಗುತ್ತದೆ.

ಹಳೆ ಕಾರಿನ ಮುಂದೆ ಮೂರು ದಾರಿ

ಹಳೆಯ ಕಾರೊಂದು ಕೈಗೆ ಸಿಕ್ಕಾಗ ಮಾಲೀಕರ ಮುಂದೆ ಮೂರು ಆಯ್ಕೆಗಳಿರುತ್ತವೆ.

ಒಂದು, ಸಂರಕ್ಷಣೆ. ಬಣ್ಣ ಮಾಸಿದ್ದರೂ, ಸೀಟು ಸವೆದಿದ್ದರೂ ಹಾಗೆಯೇ ಬಿಟ್ಟು, ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು.

ಎರಡು, ಮೂಲರೂಪಕ್ಕೆ ಮರಳಿಸುವುದು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ. ಬೋಲ್ಟ್‌ನ ತಲೆಯ ಗುರುತಿನಿಂದ ಹಿಡಿದು ಬಣ್ಣದ ಛಾಯೆಯವರೆಗೆ ಎಲ್ಲವೂ ಹಳೆಯ ದಾಖಲೆಗೆ ಹೊಂದಬೇಕು.

ಮೂರು, ರೆಸ್ಟೋಮಾಡ್. ರೂಪ ಹಳೆಯದು, ಯಂತ್ರ ಹೊಸದು. ಇದರಲ್ಲೂ ತಿರುವುಗಳ ರಸ್ತೆಯಲ್ಲಿ ಮತ್ತು ರೇಸ್ ಟ್ರ್ಯಾಕ್‌ನಲ್ಲಿ ಚೆನ್ನಾಗಿ ಓಡುವಂತೆ ಮಾಡುವ ಶೈಲಿಗೆ ‘ಪ್ರೊ-ಟೂರಿಂಗ್’ ಎನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ‘ಬಿಗ್ ರೆಡ್’ ಎಂಬ 1969ರ ಕ್ಯಾಮರೋ ಸಾರ್ವಜನಿಕ ಹೆದ್ದಾರಿಯ ರೇಸ್‌ಗಳಲ್ಲಿ ಗಂಟೆಗೆ 200 ಮೈಲಿಗೂ ಹೆಚ್ಚಿನ ವೇಗ ಮುಟ್ಟಿ ಹೆಸರು ಮಾಡಿತು. ಬಳಿಕ ಜನರಲ್ ಮೋಟಾರ್ಸ್ ಎಂಜಿನಿಯರ್ ಮಾರ್ಕ್ ಸ್ಟೀಲೋ ಕಟ್ಟಿದ ಕ್ಯಾಮರೋಗಳು ಈ ಶೈಲಿಯನ್ನು ಜನಪ್ರಿಯಗೊಳಿಸಿದವು.

ಮೊದಲ ಶತ್ರು ತುಕ್ಕು

ರೆಸ್ಟೋಮಾಡ್ ಎಂದಕೂಡಲೇ ಎಲ್ಲರೂ ಕೇಳುವುದು ಎಂಜಿನ್ ಬಗ್ಗೆ. ಆದರೆ ಹಣ ಮತ್ತು ಸಮಯ ಹೆಚ್ಚು ಹೋಗುವುದು ತಗಡಿನ ಕೆಲಸಕ್ಕೆ. ಐವತ್ತು ವರ್ಷ ದಾಟಿದ ಕಾರಿನಲ್ಲಿ ತುಕ್ಕು ಇಲ್ಲದಿರುವುದು ಅಪರೂಪ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳ ಕಾರುಗಳ ಪಾಡಂತೂ ಕೇಳುವುದೇ ಬೇಡ. ಹಾಗಾಗಿಯೇ ಒಣ ಹವೆಯ ಅರಿಜೋನಾ, ಕ್ಯಾಲಿಫೋರ್ನಿಯಾದ ಕಾರುಗಳಿಗೆ ಬೆಲೆ ಹೆಚ್ಚು.

ಮೊದಲ ತಲೆಮಾರಿನ ಕ್ಯಾಮರೋದಲ್ಲಿ ತುಕ್ಕು ಅಡಗುವ ಜಾಗಗಳು ಗೊತ್ತಿರುವಂಥವೇ. ಮುಂದಿನ ಗಾಜಿನ ಕೆಳಗಿನ ಕೌಲ್, ಹಿಂದಿನ ಗಾಜಿನ ಸುತ್ತಲಿನ ಕಾಲುವೆ, ನೆಲದ ತಗಡು, ಡಿಕ್ಕಿಯ ತಳ, ಹಿಂದಿನ ಚಕ್ರದ ಹಿಂಬದಿಯ ಕೆಳಭಾಗ. ಕೌಲ್ ತೂತಾದರೆ ಮಳೆ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ನೇರವಾಗಿ ಕಾಲಬುಡಕ್ಕೆ ಇಳಿಯುತ್ತದೆ. ವಿನೈಲ್ ಹೊದಿಕೆಯ ಚಾವಣಿ ಇದ್ದರೆ ಅದರಡಿ ತೇವ ಸೇರಿಕೊಂಡು ತಗಡು ತಿಂದಿರುವ ಸಾಧ್ಯತೆ ಹೆಚ್ಚು.

ಹೊಳೆಯುವ ಬಣ್ಣ ನೋಡಿ ಮರುಳಾಗಬಾರದು. ಬಣ್ಣದಡಿ ಬಾಡಿ ಫಿಲ್ಲರ್ ಮೆತ್ತಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಅನುಭವಿ ಖರೀದಿದಾರರು ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಹಿಡಿದು ಕಾರಿನ ಸುತ್ತ ಓಡಾಡುವುದು ಇದೇ ಕಾರಣಕ್ಕೆ. ಹಳೆ ಬಣ್ಣ ತೆಗೆಯಲು ಒರಟು ಮರಳನ್ನು ಜೋರಾಗಿ ಊದಿದರೆ ಅಗಲವಾದ ತಗಡುಗಳು ಸೊಟ್ಟಗಾಗುತ್ತವೆ. ಹಾಗಾಗಿ ಮೃದುವಾದ ಕಣಗಳನ್ನು ಕಡಿಮೆ ಒತ್ತಡದಲ್ಲಿ ಬಳಸುತ್ತಾರೆ. ಬರಿಮೈಯಾದ ಉಕ್ಕಿಗೆ ಕೂಡಲೇ ಎಪಾಕ್ಸಿ ಪ್ರೈಮರ್ ಹಾಕದಿದ್ದರೆ ಮತ್ತೆ ತುಕ್ಕು ಶುರು.

ವೇಗಕ್ಕಿಂತ ಮೊದಲು ಬ್ರೇಕ್

1969ರ ಕ್ಯಾಮರೋದ ಸಾಮಾನ್ಯ ಮಾದರಿಯಲ್ಲಿ ನಾಲ್ಕೂ ಚಕ್ರಗಳಿಗೆ 9.5 ಇಂಚಿನ ಡ್ರಮ್ ಬ್ರೇಕ್. ಮುಂದಿನ ಡಿಸ್ಕ್‌ಗೆ ಹೆಚ್ಚುವರಿ ಹಣ ಕೊಡಬೇಕಿತ್ತು. ಡ್ರಮ್ ಬ್ರೇಕ್‌ನ ದೋಷ ಏನೆಂದರೆ, ಸತತವಾಗಿ ಬಳಸಿದರೆ ಶಾಖ ಹೊರಹೋಗದೆ ಹಿಡಿತ ಕಡಿಮೆಯಾಗುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಅನುಭವ ಹಳೆ ಅಂಬಾಸಿಡರ್ ಓಡಿಸಿದವರಿಗೆ ನೆನಪಿರಬಹುದು. ಸುಮಾರು ಒಂದೂವರೆ ಟನ್ ತೂಕದ ಕಾರಿಗೆ ಇದು ಸಾಲದು.

ಹಾಗಾಗಿ ಜವಾಬ್ದಾರಿಯುತ ತಯಾರಕರು ಕೆಲಸ ಶುರು ಮಾಡುವುದೇ ಬ್ರೇಕ್, ಸಸ್ಪೆನ್ಷನ್ ಮತ್ತು ಸ್ಟೀರಿಂಗ್‌ನಿಂದ. ಮುಂದೆ ಕಾಯಿಲ್‌ಓವರ್ ಶಾಕ್ ಇರುವ ಹೊಸ ಸಬ್‌ಫ್ರೇಮ್, ಹಳೆಯ ಸಡಿಲ ಸ್ಟೀರಿಂಗ್ ಬಾಕ್ಸ್ ಬದಲು ರ‍್ಯಾಕ್ ಆ್ಯಂಡ್ ಪಿನಿಯನ್, ಹಿಂದೆ ಎಲೆ ಸ್ಪ್ರಿಂಗ್ ಬದಲು ನಾಲ್ಕು ಕೊಂಡಿಗಳ ಸಸ್ಪೆನ್ಷನ್. ಮುಂದಿನ ಸಬ್‌ಫ್ರೇಮನ್ನೂ ಹಿಂದಿನ ದೇಹವನ್ನೂ ಜೋಡಿಸುವ ಉಕ್ಕಿನ ಕನೆಕ್ಟರ್‌ಗಳನ್ನು ಹಾಕಿದರೆ ದೇಹ ತಿರುಚುವುದು ಕಡಿಮೆಯಾಗುತ್ತದೆ. ಹಿಂದೆ ಅಗಲವಾದ ಟೈರ್ ಬೇಕೆಂದರೆ ಚಕ್ರದ ಒಳಗೂಡನ್ನು ಕತ್ತರಿಸಿ ಅಗಲ ಮಾಡಬೇಕು. ಇಲ್ಲಿಂದಲೇ ಹಿಂದಿರುಗಲಾಗದ ಬದಲಾವಣೆಗಳು ಶುರುವಾಗುತ್ತವೆ ಎಂಬುದನ್ನು ಗಮನಿಸಬೇಕು.

ಎಂಜಿನ್: ಅಂಕಿ ಒಂದೇ, ಅರ್ಥ ಬೇರೆ

ಕ್ಯಾಮರೋ ರೆಸ್ಟೋಮಾಡ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಜನರಲ್ ಮೋಟಾರ್ಸ್‌ನದ್ದೇ ‘ಎಲ್‌ಎಸ್’ ಸರಣಿಯ ವಿ8 ಎಂಜಿನ್. ಈ ಸರಣಿಯ ಮೊದಲ ಎಂಜಿನ್ ಎಲ್‌ಎಸ್1 ಬಂದದ್ದು 1997ರ ಕಾರ್ವೆಟ್‌ನಲ್ಲಿ. 2008ರ ಕಾರ್ವೆಟ್‌ನಲ್ಲಿ ಬಂದ 6.2 ಲೀಟರ್‌ನ ಎಲ್‌ಎಸ್3 ಎಂಜಿನ್ 430 ಹಾರ್ಸ್‌ಪವರ್ ಕೊಡುತ್ತದೆ. ಇದನ್ನು ಕಂಪನಿಯೇ ಪೆಟ್ಟಿಗೆಯಲ್ಲಿಟ್ಟು ಹೊಸದಾಗಿ ಮಾರುತ್ತಾ ಬಂದಿದೆ. ಇಂಥವನ್ನು ‘ಕ್ರೇಟ್ ಎಂಜಿನ್’ ಎನ್ನುತ್ತಾರೆ. ಅಲ್ಯೂಮಿನಿಯಂನದ್ದಾದ್ದರಿಂದ ಹಳೆಯ ಎರಕದ ಕಬ್ಬಿಣದ ‘ಬಿಗ್ ಬ್ಲಾಕ್’ ಎಂಜಿನ್‌ಗಿಂತ ಸುಮಾರು ನೂರು ಕೆಜಿ ಹಗುರ. ಮುಂಭಾಗದ ಭಾರ ಇಳಿದರೆ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ.

ಇಲ್ಲಿ ಓದುಗರು ಒಂದು ವಿಷಯ ತಿಳಿದುಕೊಳ್ಳಬೇಕು. 1969ರ ಎಸ್‌ಎಸ್ 396 ಮಾದರಿಯ ಅತಿ ಶಕ್ತಿಶಾಲಿ ಎಂಜಿನ್‌ಗೆ ಕಂಪನಿ ಹೇಳಿದ್ದ ಅಂಕಿ 375 ಹಾರ್ಸ್‌ಪವರ್. ಇದಕ್ಕೂ ಇಂದಿನ 430ಕ್ಕೂ ವ್ಯತ್ಯಾಸ 55 ಮಾತ್ರ ಎನಿಸಬಹುದು. ಹಾಗಲ್ಲ. ಆಗ ಅಮೆರಿಕದ ಕಂಪನಿಗಳು ಏರ್ ಫಿಲ್ಟರ್, ಸೈಲೆನ್ಸರ್ ಮುಂತಾದವುಗಳನ್ನು ಕಳಚಿ, ಎಂಜಿನ್ನನ್ನು ಬರಿದಾಗಿ ಸ್ಟ್ಯಾಂಡ್ ಮೇಲಿಟ್ಟು ಅಳೆಯುತ್ತಿದ್ದವು. ಇದು ‘ಗ್ರಾಸ್’ ಅಳತೆ. 1972ರ ಮಾದರಿಗಳಿಂದ ಎಲ್ಲ ಭಾಗಗಳನ್ನು ಜೋಡಿಸಿ ಅಳೆಯುವ ‘ನೆಟ್’ ಪದ್ಧತಿ ಬಂತು. ಹಾಗಾಗಿ ಹಳೆಯ 375 ರಸ್ತೆಯ ಮೇಲೆ ಅಷ್ಟು ಇರುತ್ತಿರಲಿಲ್ಲ. ಇದರ ಉಲ್ಟಾ ಉದಾಹರಣೆಯೂ ಇದೆ. ಝಡ್/28ರ 302 ಎಂಜಿನ್‌ಗೆ ಕಂಪನಿ 290 ಎಂದು ಕಡಿಮೆ ಅಂಕಿ ಕೊಟ್ಟಿತ್ತು ಎಂಬುದು ಆ ಕಾಲದಿಂದಲೂ ಇರುವ ಮಾತು.

ಹೊಸ ಎಂಜಿನ್‌ನ ನಿಜವಾದ ಲಾಭ ಇರುವುದು ದಿನನಿತ್ಯದ ನಡವಳಿಕೆಯಲ್ಲಿ. ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಟ್ರಾಫಿಕ್‌ನಲ್ಲಿ ಕುದಿಯುವುದಿಲ್ಲ, ಇಂಧನವನ್ನು ಲೆಕ್ಕ ಹಾಕಿ ಬಳಸುತ್ತದೆ. ಹಳೆಯ 302 ಎಂಜಿನ್‌ನ ಕಂಪ್ರೆಷನ್ ಅನುಪಾತ 11:1. ಅದನ್ನು ರೂಪಿಸಿದ್ದು ಸೀಸ ಬೆರೆಸಿದ ಹೈ ಆಕ್ಟೇನ್ ಪೆಟ್ರೋಲ್‌ಗಾಗಿ. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಅಂಥ ಪೆಟ್ರೋಲ್ ಮಾರಾಟ 1996ರ ಜನವರಿ 1ರಿಂದ ನಿಷೇಧವಾಗಿದೆ.

ಗೇರ್‌ಬಾಕ್ಸ್, ವೈರಿಂಗ್, ಎಸಿ

ಹಳೆಯ ನಾಲ್ಕು ಸ್ಪೀಡ್ ಗೇರ್‌ಬಾಕ್ಸ್‌ನಲ್ಲಿ ಓವರ್‌ಡ್ರೈವ್ ಇಲ್ಲ. ಟಾಪ್ ಗೇರ್‌ನಲ್ಲೂ ಎಂಜಿನ್ ಹೆದ್ದಾರಿಯುದ್ದಕ್ಕೂ ಅರಚುತ್ತಲೇ ಇರುತ್ತದೆ. ಈಗ ಬಳಕೆಯಲ್ಲಿರುವ ಟ್ರೆಮೆಕ್ ಕಂಪನಿಯ ಟಿ-56 ಮ್ಯಾಗ್ನಮ್ ಎಂಬ ಆರು ಸ್ಪೀಡ್ ಗೇರ್‌ಬಾಕ್ಸ್‌ನ ಕೊನೆಯ ಗೇರ್ ಅನುಪಾತ 0.63 ಅಥವಾ 0.50. ಅಂದರೆ ಅದೇ ವೇಗದಲ್ಲಿ, ಅದೇ ಹಿಂದಿನ ಆಕ್ಸಲ್ ಇದ್ದರೆ, ಎಂಜಿನ್ ತಿರುಗುವುದು ಶೇ 37ರಿಂದ 50ರಷ್ಟು ಕಡಿಮೆ. ಆದರೆ ಇದು ಗಾತ್ರದಲ್ಲಿ ದೊಡ್ಡದು. ಕೂರಿಸಲು ಕಾರಿನ ನಡುವಿನ ಟನೆಲ್ ಕತ್ತರಿಸಿ ಎತ್ತರಿಸಬೇಕು.

ವೈರಿಂಗ್ ಕಣ್ಣಿಗೆ ಬೀಳದ ಕೆಲಸ, ಆದರೆ ಅತ್ಯಂತ ಮುಖ್ಯ. ಆಗಿನ ಸಾಮಾನ್ಯ ಆಲ್ಟರ್ನೇಟರ್ 37 ಆಂಪಿಯರ್‌ನದ್ದು. ವಿದ್ಯುತ್ ಫ್ಯಾನ್, ಇಂಧನ ಪಂಪ್, ಎಸಿ, ಎಂಜಿನ್ ಕಂಪ್ಯೂಟರ್ ಎಲ್ಲದಕ್ಕೂ ಇದು ಎಲ್ಲಿ ಸಾಕಾಗಬೇಕು? ಹಳೆಯ ತಂತಿಗಳಿಗೆ ಹೊಸ ಭಾರ ಹೊರಿಸಿದರೆ ಬೆಂಕಿಯ ಅಪಾಯ. ಹಾಗಾಗಿ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್‌ನಿಂದ ಹಿಡಿದು ಹಿಂದಿನ ದೀಪದವರೆಗೆ ಎಲ್ಲವನ್ನೂ ಹೊಸದಾಗಿ ಹಾಕುವುದೇ ಸರಿಯಾದ ಕ್ರಮ. ಟ್ಯಾಂಕ್ ಕೂಡ ಬದಲಾಗಬೇಕು. ಇಂಜೆಕ್ಷನ್ ಎಂಜಿನ್‌ಗೆ ಟ್ಯಾಂಕಿನೊಳಗೇ ಹೆಚ್ಚು ಒತ್ತಡದ ಪಂಪ್ ಬೇಕು.

ಹೊಸದಾಗದೆ ಉಳಿಯುವುದು ಏನು?

ಜಾಹೀರಾತುಗಳು ಹೇಳದ ಮಾತಿದು. ಬ್ರೇಕ್, ಟೈರ್, ಎಂಜಿನ್ ಎಲ್ಲ ಹೊಸದಾದರೂ ಅಪಘಾತದ ಕ್ಷಣದಲ್ಲಿ ಕಾರಿನ ದೇಹ 1969ರದ್ದೇ. ಅದರಲ್ಲಿ ಏರ್‌ಬ್ಯಾಗ್ ಇಲ್ಲ. ಪಕ್ಕದ ಡಿಕ್ಕಿ ತಡೆಯಲು ಬಾಗಿಲೊಳಗೆ ಉಕ್ಕಿನ ತೊಲೆ ಇಲ್ಲ. ಇಂದಿನ ಕಾರುಗಳಂತೆ ಲೆಕ್ಕ ಹಾಕಿ ಮುದುಡುವ ಮುಂಭಾಗವೂ ಇಲ್ಲ. ಹಾಗೆಂದು ಆ ಕಾರಿನಲ್ಲಿ ಸುರಕ್ಷತೆಯ ಯೋಚನೆಯೇ ಇರಲಿಲ್ಲ ಎಂದಲ್ಲ. ಡಿಕ್ಕಿಯಾದಾಗ ಕುಗ್ಗುವ ಸ್ಟೀರಿಂಗ್ ಕಂಬ, ಎರಡು ಪ್ರತ್ಯೇಕ ಮಾರ್ಗಗಳ ಬ್ರೇಕ್ ವ್ಯವಸ್ಥೆ 1967ರಿಂದಲೇ ಇದ್ದವು. ಅಮೆರಿಕದ ಕಾನೂನಿನಂತೆ 1968ರಲ್ಲಿ ಮುಂದಿನ ಸೀಟಿಗೆ ಭುಜದ ಬೆಲ್ಟ್, 1969ರ ಆರಂಭದಿಂದ ತಲೆಗೆ ಆಸರೆ ಕಡ್ಡಾಯವಾಯಿತು.

ಹಾಗಾಗಿ ದುಪ್ಪಟ್ಟು ಶಕ್ತಿ ತುಂಬುವವರು ಮೂರು ಬಿಂದುಗಳ ಸೀಟ್ ಬೆಲ್ಟ್, ಗಟ್ಟಿ ಸೀಟು ಮತ್ತು ಅದರ ಬುಡದ ಬಲವರ್ಧನೆಯನ್ನು ಮರೆಯಬಾರದು. ಕಾರು ಆಧುನಿಕವಾಗಿ ಓಡುತ್ತದೆ ಎಂದಮಾತ್ರಕ್ಕೆ ಆಧುನಿಕವಾಗಿ ಕಾಪಾಡುತ್ತದೆ ಎಂದು ನಂಬಿದರೆ ಅಪಾಯ ಕಟ್ಟಿಟ್ಟ ಬುತ್ತಿ.

ಯಾವ ಕಾರನ್ನು ಕತ್ತರಿಸಬಾರದು?

ಇದೇ ಇಡೀ ಚರ್ಚೆಯ ಮುಖ್ಯ ಪ್ರಶ್ನೆ. ಉತ್ತರ ಕಾರಿನ ಮೇಲೇ ಕೆತ್ತಿದೆ. 1969ರ ಕ್ಯಾಮರೋದ ಗುರುತಿನ ಸಂಖ್ಯೆ ಡ್ಯಾಶ್‌ಬೋರ್ಡ್‌ನ ಎಡ ತುದಿಯಲ್ಲಿ, ಗಾಜಿನ ಹೊರಗಿನಿಂದಲೇ ಕಾಣುತ್ತದೆ. ಉದಾಹರಣೆಗೆ ಅದು 124379ಎನ್ ಎಂದು ಶುರುವಾಗಿದ್ದರೆ, 1 ಎಂದರೆ ಷೆವರ್ಲೆ, 24 ಎಂದರೆ ವಿ8 ಎಂಜಿನ್‌ನ ಕ್ಯಾಮರೋ, 37 ಎಂದರೆ ಕೂಪೆ, 9 ಎಂದರೆ 1969, ಎನ್ ಎಂದರೆ ಒಹಾಯೊದ ನಾರ್ವುಡ್ ಕಾರ್ಖಾನೆ. ನಂತರದ ಆರು ಅಂಕಿಗಳು ಕ್ರಮಸಂಖ್ಯೆ. 24ರ ಬದಲು 23 ಇದ್ದರೆ ಅದು ಹುಟ್ಟಿದ್ದು ಆರು ಸಿಲಿಂಡರ್ ಎಂಜಿನ್‌ನೊಂದಿಗೆ. ಎನ್ ಬದಲು ಎಲ್ ಇದ್ದರೆ ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಕಾರ್ಖಾನೆಯದು.

ಗಮನಿಸಿ, ಈ ಸಂಖ್ಯೆಯಲ್ಲಿ ಎಸ್‌ಎಸ್ ಅಥವಾ ಝಡ್/28 ಎಂಬ ಸುಳಿವೇ ಇಲ್ಲ. ಹಾಗಾಗಿಯೇ ಸಾಮಾನ್ಯ ಕ್ಯಾಮರೋಗೆ ಬ್ಯಾಡ್ಜ್, ಪಟ್ಟೆ ಅಂಟಿಸಿ ಝಡ್/28 ಎಂದು ಮಾರುವ ನಕಲಿಗಳು ಹೆಚ್ಚು. ಅಸಲಿ ಎಂದು ಸಾಬೀತುಪಡಿಸಲು ಎಂಜಿನ್ ಮೇಲಿನ ಅಚ್ಚು ಕಾರಿನ ಸಂಖ್ಯೆಗೆ ಹೊಂದಬೇಕು, ಮೂಲ ಕಾಗದಪತ್ರಗಳಿರಬೇಕು. ಇಂಥ ಕಾರನ್ನು ‘ಮ್ಯಾಚಿಂಗ್ ನಂಬರ್ಸ್’ ಎನ್ನುತ್ತಾರೆ.

ಇಲ್ಲಿಗೆ ವಿವೇಕದ ಗೆರೆ ಸ್ಪಷ್ಟವಾಗುತ್ತದೆ. ಆರು ಸಿಲಿಂಡರ್‌ನ ಸಾದಾ ಕಾರು, ಮೂಲ ಎಂಜಿನ್ ಕಳೆದುಕೊಂಡ ಕಾರು, ತುಕ್ಕು ಹಿಡಿದು ಅರ್ಧ ಸತ್ತ ಕಾರು ರೆಸ್ಟೋಮಾಡ್‌ಗೆ ತಕ್ಕವು. ಅವಕ್ಕೆ ಅದು ಮರುಜನ್ಮ. ಆದರೆ ಮೂಲ ಎಂಜಿನ್, ದಾಖಲೆ ಎರಡೂ ಇರುವ ಝಡ್/28 ಅಥವಾ ಕೋಪೋ ಕಾರಿಗೆ ಗರಗಸ ಹಾಕುವುದೆಂದರೆ ಶಾಸನ ಕೆತ್ತಿದ ಕಲ್ಲನ್ನು ಮೆಟ್ಟಿಲಿಗೆ ಹಾಸಿದಂತೆ. ತಗಡನ್ನು ಮತ್ತೆ ಮಾಡಬಹುದು, ಬಣ್ಣವನ್ನು ಮತ್ತೆ ಹಚ್ಚಬಹುದು, ಮೂಲತನ ಇರುವುದು ಒಂದೇ ಸಲ.

ಮಾರುಕಟ್ಟೆಯೂ ಇದನ್ನು ಆಗಾಗ ನೆನಪಿಸುತ್ತದೆ. ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ 1968ರ ಮಸ್ಟಾಂಗ್ 2020ರ ಜನವರಿಯಲ್ಲಿ ಫ್ಲೋರಿಡಾದ ಹರಾಜಿನಲ್ಲಿ 34 ಲಕ್ಷ ಡಾಲರ್‌ಗೆ ಬಿಕರಿಯಾಯಿತು. ಶುಲ್ಕ ಸೇರಿ 37.4 ಲಕ್ಷ ಡಾಲರ್. ಆ ಕಾರಿಗೆ ಹೊಸ ಬಣ್ಣ ಹಚ್ಚಿರಲಿಲ್ಲ, ಗೀರು, ತುಕ್ಕು ಹಾಗೇ ಇದ್ದವು. ಅದಕ್ಕೆ ಬೆಲೆ ತಂದದ್ದು ಅದರ ಕಥೆ, ಆ ಕಥೆಗೆ ಸಾಕ್ಷಿ ಅದರ ಗೀರುಗಳು. ಇನ್ನೊಂದೆಡೆ ಹೆಸರಾಂತ ತಯಾರಕರ ರೆಸ್ಟೋಮಾಡ್‌ಗಳೂ ಹರಾಜಿನಲ್ಲಿ ದೊಡ್ಡ ಬೆಲೆ ಪಡೆಯುತ್ತವೆ. ಆದರೆ ಸಾಮಾನ್ಯ ಮಾಲೀಕ ಸುರಿದ ಹಣ ಮಾರುವಾಗ ಪೂರ್ತಿ ವಾಪಸ್ ಬರುವುದು ಅಪರೂಪ. ಓಡಿಸುವ ಸುಖಕ್ಕಾಗಿ ಮಾಡುವುದಾದರೆ ಸರಿ, ಹೂಡಿಕೆ ಎಂದು ಮಾಡಿದರೆ ನಿರಾಸೆ.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊಗೆ ಪರೀಕ್ಷೆಯಲ್ಲಿ ಅತಿ ಕಟ್ಟುನಿಟ್ಟಾದ ಕ್ಯಾಲಿಫೋರ್ನಿಯಾದಲ್ಲೂ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ನಿಯಮಿತ ಪರೀಕ್ಷೆಯಿಂದ ವಿನಾಯಿತಿ ಇದೆ. 1969ರ ಕಾರಿಗೆ ಹೊಸ ಎಂಜಿನ್ ಹಾಕುವುದು ಅಲ್ಲಿ ಸುಲಭವಾಗಲು ಇದೂ ಕಾರಣ. ಆದರೆ ಹೊಸ ಹೊರಕವಚಕ್ಕೆ ಹಳೆ ಕಾರಿನ ಸಂಖ್ಯಾ ಫಲಕ ಕಿತ್ತು ಅಂಟಿಸುವುದು ಗಂಭೀರ ಕಾನೂನು ತೊಡಕಿಗೆ ದಾರಿ.

ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2013ರಲ್ಲಿ ‘ಟ್ಯೂರಿನ್ ಚಾರ್ಟರ್’ ಎಂಬ ಸನ್ನದು ಅಂಗೀಕರಿಸಿತು. ಅದರ ದೃಷ್ಟಿಯಲ್ಲಿ ಐತಿಹಾಸಿಕ ವಾಹನವೆಂದರೆ ಕನಿಷ್ಠ 30 ವರ್ಷ ಹಳೆಯದು, ಇತಿಹಾಸಕ್ಕೆ ಹೊಂದುವ ಸ್ಥಿತಿಯಲ್ಲಿ ಕಾಪಾಡಿದ್ದು. ಈ ವ್ಯಾಖ್ಯೆಯೊಳಗೆ ರೆಸ್ಟೋಮಾಡ್ ಬರುವುದಿಲ್ಲ.

ಭಾರತದ ನಿಯಮ ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಹೊರಕವಚ ಅಥವಾ ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗದ ಖಾಸಗಿ ವಾಹನಗಳಿಗಷ್ಟೇ ಇದು ಅನ್ವಯ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, 10 ವರ್ಷದ ಮಾನ್ಯತೆ, ನಂಬರ್ ಪ್ಲೇಟ್‌ನಲ್ಲಿ ‘ವಿಎ’ ಅಕ್ಷರ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. 50 ವರ್ಷ ದಾಟಿದ ವಾಹನಗಳ ಆಮದಿಗೆ 2025ರಲ್ಲಿ ದಾರಿ ಸಡಿಲವಾಯಿತಾದರೂ ಸುಂಕದ ಹೊರೆ ದೊಡ್ಡದು.

ಅಂದರೆ ಮುಂಬೈ, ಪುಣೆ, ದೆಹಲಿ ಅಥವಾ ಬೆಂಗಳೂರಿನಲ್ಲಿ ಯಾರಾದರೂ ಎಲ್‌ಎಸ್3 ಎಂಜಿನ್‌ನ 1969ರ ಕ್ಯಾಮರೋ ತರಿಸುವ ಕನಸು ಕಂಡರೆ, ಅದು ವಿಂಟೇಜ್ ವ್ಯಾಖ್ಯೆಗೆ ಸಿಗುವುದಿಲ್ಲ. ಮೂಲ ರೂಪದ ಕಾರಿಗಷ್ಟೇ ಆ ಬಾಗಿಲು ತೆರೆದಿದೆ. ಮನೆಯಲ್ಲಿರುವ ಅಜ್ಜನ ಕಾಲದ ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಬೇರೆ ಎಂಜಿನ್ ಕೂರಿಸಲು ಹೊರಟವರೂ ಇದನ್ನು ಗಮನಿಸಬೇಕು. ಶ್ರೀರಂಗಪಟ್ಟಣ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋದವರು ಹಳೆ ಕಾರು ಹಳೆಯದಾಗಿಯೇ ಉಳಿದರೆ ಅದರ ಚೆಂದ ಏನೆಂದು ಕಂಡಿರುತ್ತಾರೆ.

ಮುಂದಿನ ಹೆಜ್ಜೆ ಎಲೆಕ್ಟ್ರಿಕ್?

ರೆಸ್ಟೋಮಾಡ್ ಈಗ ಪೆಟ್ರೋಲ್ ದಾಟಿಯೂ ಹೋಗುತ್ತಿದೆ. 2020ರಲ್ಲಿ ಷೆವರ್ಲೆ ತನ್ನದೇ 1977ರ ಕೆ5 ಬ್ಲೇಜರ್‌ನ ಎಂಜಿನ್ ತೆಗೆದು ಬೋಲ್ಟ್ ಇವಿಯ ಮೋಟಾರ್ ಮತ್ತು 60 ಕಿಲೋವ್ಯಾಟ್ ಅವರ್ ಬ್ಯಾಟರಿ ಕೂರಿಸಿ ತೋರಿಸಿತು. ಮಸಲ್ ಕಾರಿನಲ್ಲಿ ಗುಡುಗೇ ಇಲ್ಲದಿದ್ದರೆ ಅದೆಂಥ ಮಸಲ್ ಎಂದು ಕೇಳುವವರಿದ್ದಾರೆ. ಬೋಲ್ಟ್ ಬಿಚ್ಚಿ ಹಳೆ ಎಂಜಿನ್ ಮರಳಿ ಕೂರಿಸುವಂತಿದ್ದರೆ ತಪ್ಪೇನು ಎನ್ನುವವರೂ ಇದ್ದಾರೆ. ಆರನೇ ತಲೆಮಾರಿನ ಕ್ಯಾಮರೋದ ತಯಾರಿಕೆ 2023ರ ಡಿಸೆಂಬರ್‌ನಲ್ಲಿ ನಿಂತ ಮೇಲೆ ಹಳೆಯ ಕಾರುಗಳ ಮೇಲಿನ ಕಣ್ಣು ಇನ್ನಷ್ಟು ಹೆಚ್ಚಿದೆ.

ಕೈ ಹಾಕುವ ಮುನ್ನ ನೆನಪಿಡಿ

* ಮೊದಲು ಸಂಖ್ಯೆ ಓದಿ. ಎಂಜಿನ್ ಅಚ್ಚು, ಗುರುತಿನ ಸಂಖ್ಯೆ, ಕಾಗದಪತ್ರ ಮೂರೂ ಹೊಂದಿದರೆ ಆ ಕಾರನ್ನು ಬದಲಿಸಬೇಡಿ.
* ಎಂಜಿನ್‌ಗೆ ಮುಂಚೆ ತಗಡು, ತಗಡಿನ ನಂತರ ಬ್ರೇಕ್. ಈ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಪ್ರಾಣಕ್ಕೂ ಅಪಾಯ.
* ಕತ್ತರಿಸುವ, ವೆಲ್ಡ್ ಮಾಡುವ ಬದಲಾವಣೆಗಿಂತ ಬೋಲ್ಟ್ ಹಾಕುವ ಬದಲಾವಣೆ ಲೇಸು.
* ತೆಗೆದ ಮೂಲ ಭಾಗಗಳಿಗೆ ಚೀಟಿ ಅಂಟಿಸಿ ಜೋಪಾನವಾಗಿಡಿ. ಮುಂದಿನ ಮಾಲೀಕ ನಿಮ್ಮನ್ನು ನೆನೆಯುತ್ತಾನೆ.
* ಪ್ರತಿ ಹಂತದ ಫೋಟೊ, ಬಿಲ್ ಇಟ್ಟುಕೊಳ್ಳಿ. ಒಪ್ಪಿದ ಮೌಲ್ಯದ ವಿಮೆ ಪಡೆಯಲು ಅದೇ ಆಧಾರ.
* ನಿಮ್ಮ ಊರಿನ ಕಾನೂನು ಕೇಳಿಯೇ ಮುಂದುವರಿಯಿರಿ.

ಏಳು ಲಕ್ಷ ಕ್ಯಾಮರೋಗಳಲ್ಲಿ ಎಲ್ಲವನ್ನೂ ಗಾಜಿನ ಪೆಟ್ಟಿಗೆಯಲ್ಲಿಡಲು ಆಗದು, ಇಡಬೇಕಾಗಿಯೂ ಇಲ್ಲ. ಗುಜರಿಗೆ ಹೋಗಬೇಕಿದ್ದ ಸಾದಾ ಕಾರೊಂದು ಹೊಸ ಎಂಜಿನ್ ಪಡೆದು ಮತ್ತೆ ಹೆದ್ದಾರಿಗೆ ಬಂದರೆ ಅದು ಗೆಲುವೇ. ಆದರೆ ಇತಿಹಾಸವನ್ನು ಇನ್ನೂ ಮೈಮೇಲೆ ಹೊತ್ತಿರುವ ಕೆಲವೇ ಕಾರುಗಳನ್ನು ಆ ಪಾಡಿಗೆ ಬಿಡುವುದೂ ಅಷ್ಟೇ ಅಗತ್ಯ. ಯಾವುದು ಯಾವುದೆಂದು ತಿಳಿಯಲು ಸ್ಪ್ಯಾನರ್ ಎತ್ತುವ ಮೊದಲು ಆ ಸಂಖ್ಯೆಯನ್ನೊಮ್ಮೆ ಓದಿದರೆ ಸಾಕು.